ಎಂಜಿನ್ ಹೋಗಿ ಹಂಡೆಯಾದರೆ: ಉಗಿಬಂಡಿ ಫೋಟೋ ಇರುವ ಲೇಡೀಸ್ ಶರ್ಟ್‌ಗಳ ದೋಷ ಹುಡುಕುವ ಬಗೆ

"ಅಕ್ಕಾ, ನಾನು ಕೇಳಿದ್ದು ರೈಲ್ ಎಂಜಿನ್. ನೀವು ಕೊಟ್ಟಿರೋದು ಬಚ್ಚಲುಮನೆ ಹಂಡೆ."

ಹೋದ ಮಳೆಗಾಲದಲ್ಲಿ ಒಬ್ಬರು ಅಂಗಡಿಗೆ ಬಂದು, ನಾನೇ ಪ್ರಿಂಟ್ ಮಾಡಿ ಕೊಟ್ಟಿದ್ದ ಟೀ-ಶರ್ಟನ್ನು ಕೌಂಟರ್ ಮೇಲೆ ಹರಡಿ ಹೀಗೆ ಅಂದರು. ಮಾತು ನಿಜವಾಗಿತ್ತು. ಅವರ ತಂದೆ ಮೀಟರ್ ಗೇಜ್ ಕಾಲದಲ್ಲಿ ಫೈರ್‌ಮನ್ ಆಗಿದ್ದವರು. ಅವರು ಕೆಲಸ ಮಾಡುತ್ತಿದ್ದ ವೈಪಿ ಅನ್ನುವ ಮಾದರಿಯ ಉಗಿ ಎಂಜಿನ್‌ನ ಹಳೇ ಕಪ್ಪು ಬಿಳುಪು ಫೋಟೋ ಅದು. ಫೋನಿನಲ್ಲಿ ನೋಡಿದರೆ ಬಾಯ್ಲರ್ ಸುತ್ತಿನ ಪಟ್ಟಿ, ಪೈಪು, ಗಾಲಿಯ ಕಡ್ಡಿ ಎಲ್ಲ ಎಣಿಸಬಹುದಿತ್ತು. ಶರ್ಟಿನ ಮೇಲೆ ಮಾತ್ರ ಒಂದು ಕರಿ ಮುದ್ದೆ, ಅದರ ಮೇಲೊಂದು ಬಿಳಿ ಹೊಗೆ. ನಾನು ಮೊದಲು ಬೈದಿದ್ದು ಮೆಷಿನ್ನನ್ನು. ಅರ್ಧ ದಿನ ಇಂಕ್ ಚಿಮ್ಮುವ ಹೆಡ್ ತೊಳೆದೆ, ಇಂಕ್ ಸುರಿದೆ. ತಪ್ಪು ಅಲ್ಲಿರಲೇ ಇಲ್ಲ.

ಉಗಿ ಎಂಜಿನ್ನಿನ ಫೋಟೋ ಬಟ್ಟೆಯ ಮೇಲೆ ಕೆಡುವುದಕ್ಕೆ ಅದರದ್ದೇ ಕಾರಣಗಳಿವೆ. ಹೂವು, ದೇವರು, ಮಗುವಿನ ಮುಖ ಚೆನ್ನಾಗಿ ಬರುವ ಮೆಷಿನ್ನಿನಲ್ಲೇ ಎಂಜಿನ್ ಕೆಡುತ್ತದೆ. ಯಾಕೆಂದರೆ ಚಿತ್ರದ ಮುಕ್ಕಾಲು ಪಾಲು ಕಪ್ಪು. ಉಳಿದಿದ್ದು ಹೊಗೆ. ಹೊಗೆಗೆ ಅಂಚೇ ಇಲ್ಲ. ಸಾಲದ್ದಕ್ಕೆ ಗಾಲಿಗಳು: ವೃತ್ತ ಒಂದು ಚೂರು ಸೊಟ್ಟಗಾದರೂ ಎಂಥವರ ಕಣ್ಣಿಗೂ ಬೀಳುತ್ತದೆ. ಇಷ್ಟನ್ನೂ ಡಾರ್ಟ್ (ಮೈಗೆ ಕೂರಲು ಹೊಲಿದ ಮಡಿಕೆ), ಇಳಿಗತ್ತು, ಲೈಕ್ರಾ (ಹಿಗ್ಗುವ ನೂಲು) ಇರುವ ಹೆಂಗಸರ ಶರ್ಟಿನ ಮೇಲೆ ಕೂರಿಸಬೇಕು. ಹಾಗಾಗಿ ದೋಷ ನಾಲ್ಕು ಕಡೆ ಇರಬಹುದು: ಫೋಟೋ, ಇಂಕ್, ಬಟ್ಟೆ, ಕಟಿಂಗ್. ಎಲ್ಲಿದೆ ಅಂತ ಗೊತ್ತಾಗುವವರೆಗೆ ಮೆಷಿನ್ ಬಿಚ್ಚಬೇಡಿ.

ಮೊದಲು ಮುಟ್ಟಿ ನೋಡಿ

ರಿಪೇರಿಗೆ ಬಂದ ಶರ್ಟ್ ನಿಮ್ಮದೇ ಆಗಿರಬೇಕು ಅಂತೇನಿಲ್ಲ. ಯಾವ ಬಗೆಯ ಪ್ರಿಂಟ್ ಅಂತ ಮೊದಲು ತಿಳಿಯಬೇಕು. ಬೆರಳಿಗೆ ಏನೂ ಸಿಗದೆ, ಬಣ್ಣ ಬಟ್ಟೆಯೊಳಗೇ ಇಳಿದಿದ್ದರೆ ಅದು ಸಬ್ಲಿಮೇಶನ್, ಅಂದರೆ ಕಾಗದದ ಮೇಲಿನ ಬಣ್ಣವನ್ನು ಬಿಸಿ ಒತ್ತಿ ಬಟ್ಟೆಗೆ ಇಳಿಸಿದ್ದು. ತೆಳ್ಳಗಿನ ಪ್ಲಾಸ್ಟಿಕ್ ಪೊರೆಯ ಹಾಗೆ ಸಿಕ್ಕಿ, ಎಳೆದರೆ ಸ್ವಲ್ಪ ಹೊಳೆದರೆ ಡಿಟಿಎಫ್, ಅಂದರೆ ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಅಂಟು ಪುಡಿ ಹಾಕಿ ಒತ್ತಿದ್ದು. ನೂಲಿಗೆ ಇಂಕ್ ಹಿಡಿದುಕೊಂಡಿದೆ, ಪೊರೆ ಇಲ್ಲ, ಆದರೆ ಕೈಗೆ ತುಸು ಒರಟು ಅನ್ನಿಸಿದರೆ ಡಿಟಿಜಿ, ನೇರ ಶರ್ಟ್ ಮೇಲೆ ಪ್ರಿಂಟ್ ಮಾಡಿದ್ದು.

ಬಟ್ಟೆ ಯಾವುದು ಅನ್ನುವುದಕ್ಕೆ ಲೇಬಲ್ ನಂಬಬೇಡಿ. ಒಳಗಿನ ಹೊಲಿಗೆ ಅಂಚಿನಿಂದ ಬಟ್ಟೆಯದೇ ಒಂದು ನೂಲು ಕಿತ್ತು, ಸಿಂಕ್ ಮೇಲೆ ಹಿಡಿದು ಕಡ್ಡಿ ಗೀರಿ. ಹೊಲಿಗೆಯ ದಾರ ಬೇಡ, ಅದು ಹತ್ತಿ ಶರ್ಟಿನಲ್ಲೂ ಪಾಲಿಯೆಸ್ಟರ್ ಆಗಿರುತ್ತದೆ. ಸುಟ್ಟ ಕಾಗದದ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಎರಡೂ ಸ್ವಲ್ಪ ಸ್ವಲ್ಪ ಆದರೆ ಮಿಕ್ಸ್. ಹತ್ತಿಯ ಮೇಲೆ ಸಬ್ಲಿಮೇಶನ್ ಮಾಡಿದ್ದರೆ ಮುಂದೆ ಏನೂ ಹುಡುಕಬೇಕಾಗಿಲ್ಲ. ಆ ಬಣ್ಣ ಪಾಲಿಯೆಸ್ಟರ್‌ಗೆ ಮಾತ್ರ ಕೂರುತ್ತದೆ, ಹತ್ತಿಯಲ್ಲಿ ಒಗೆತಕ್ಕೆ ಹೋಗುತ್ತದೆ. ಇದಕ್ಕೆ ರಿಪೇರಿ ಇಲ್ಲ, ಹೊಸ ಶರ್ಟೇ ಗತಿ.

ಅದಲುಬದಲು ಪರೀಕ್ಷೆ

ನನಗೆ ಅತಿ ಹೆಚ್ಚು ಸಮಯ ಉಳಿಸಿದ್ದು ಇದೊಂದೇ. ಕೆಟ್ಟು ಬಂದ ಫೈಲನ್ನು ಬೇರೆ ಬಟ್ಟೆಯ ಮೇಲೆ ಪ್ರಿಂಟ್ ಮಾಡಿ. ಚೆನ್ನಾಗಿ ಬರುತ್ತದೆ ಅಂತ ಗೊತ್ತಿರುವ ಇನ್ನೊಂದು ಫೈಲನ್ನು ಅದೇ ಬಟ್ಟೆಯ ಮೇಲೆ ಪ್ರಿಂಟ್ ಮಾಡಿ. ಇಡೀ ಶರ್ಟ್ ಬೇಡ, ಕಟಿಂಗ್‌ನಲ್ಲಿ ಉಳಿದ ತುಂಡು ಸಾಕು. ದೋಷ ಫೈಲಿನ ಜೊತೆ ಹೋದರೆ ಫೋಟೋದ್ದೇ ತಪ್ಪು. ಬಟ್ಟೆಯ ಜೊತೆ ಹೋದರೆ ಬಟ್ಟೆಯದ್ದು. ಎರಡರಲ್ಲೂ ಕಂಡರೆ ಆಗ ಮೆಷಿನ್ ಕಡೆ ತಿರುಗಿ. ಯಾವುದರಲ್ಲೂ ಕಾಣದಿದ್ದರೆ ಶರ್ಟಿನ ಹೊಲಿಗೆ, ಅಳತೆ, ಒತ್ತುವ ರೀತಿ ನೋಡಿ. ಹೀಗೆ ಮಾಡಿದ್ದರೆ ಆ ದಿನ ನಾನು ಹೆಡ್ ತೊಳೆಯುತ್ತಾ ಕೂರುತ್ತಿರಲಿಲ್ಲ.

ಎಂಜಿನ್ ಕರಿ ಮುದ್ದೆಯಾಗಿದೆ

ಹೆಚ್ಚಿನ ದೂರು ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ.

ಫೋನಿನ ಪರದೆಗೆ ಹಿಂದಿನಿಂದ ಬೆಳಕು ಬರುತ್ತದೆ. ಕಪ್ಪಿನೊಳಗಿನ ಕಪ್ಪು ಕೂಡ ಅಲ್ಲಿ ಕಾಣುತ್ತದೆ. ಬಟ್ಟೆಗೆ ಅಂಥ ಬೆಳಕಿಲ್ಲ. ಜೊತೆಗೆ ಬನಿಯನ್ ಬಟ್ಟೆಯ ಹೆಣಿಗೆಯಲ್ಲಿ ಇಂಕ್ ಹನಿ ಬಿದ್ದಲ್ಲೇ ನಿಲ್ಲದೆ ಪಕ್ಕಕ್ಕೆ ಹರಡುತ್ತದೆ. ಕಡು ಬೂದು ಬಣ್ಣದ ಹನಿಗಳು ಹರಡಿ ಒಂದಕ್ಕೊಂದು ಕೂಡಿಕೊಂಡರೆ ಕಪ್ಪೇ. ಎಂಜಿನ್‌ನಲ್ಲಿ ಇರುವುದೆಲ್ಲ ಇಂಥ ಕಡು ಬೂದುಗಳೇ ಅಲ್ವಾ?

ನಿಮ್ಮ ಮೆಷಿನ್ ಎಲ್ಲಿಂದ ಕೆಳಗೆ ಕುರುಡು ಅಂತ ಕಂಡುಹಿಡಿಯುವುದು ಸುಲಭ. 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ. 0, 10, 20, 30 ಹೀಗೆ ಹತ್ತತ್ತು ಅಂಕಿಯ ಚೌಕಗಳ ಒಂದು ಪಟ್ಟಿ ಮಾಡಿ, ಪ್ರತಿಯೊಂದರ ಕೆಳಗೆ ಅಂಕಿ ಬರೆದು, ಅದೇ ಬಟ್ಟೆಯ ಮೇಲೆ ಪ್ರಿಂಟ್ ಮಾಡಿ, ಕ್ಯೂರ್ ಮಾಡಿ (ಬಿಸಿ ಕೊಟ್ಟು ಇಂಕ್ ಗಟ್ಟಿ ಮಾಡಿ), ಬಿಸಿಲಿಗೆ ಹಿಡಿದು ನೋಡಿ. ನನ್ನದರಲ್ಲಿ 40ರವರೆಗಿನ ಚೌಕಗಳೆಲ್ಲ ಒಂದೇ ಕಪ್ಪು. 50ರಿಂದ ಬೇರೆ ಬೇರೆ ಕಾಣುತ್ತವೆ. ಆಮೇಲೆ ಆ ಫೈರ್‌ಮನ್ ಫೋಟೋ ತೆರೆದು ಕರ್ಸರ್ ಇಟ್ಟು ನೋಡಿದೆ. ಬಾಯ್ಲರ್ ಪಕ್ಕ 22. ಗಾಲಿಯ ಕಡ್ಡಿ 31. ಕಡ್ಡಿಗಳ ನಡುವಿನ ಕತ್ತಲು 12. ಮೂರೂ 40ರ ಕೆಳಗೆ. ಹಂಡೆ ಆಗದೆ ಇನ್ನೇನಾಗುತ್ತದೆ!

ಸರಿಪಡಿಸುವುದು ಫೋಟೋ ತಿದ್ದುವ ಸಾಫ್ಟ್‌ವೇರಿನ ಕರ್ವ್ಸ್‌ನಲ್ಲಿ. ಬರಿ ಬ್ರೈಟ್‌ನೆಸ್ ಏರಿಸಿದರೆ ಹೊಗೆ ಸುಟ್ಟುಹೋಗುತ್ತದೆ, ಎಂಜಿನ್‌ಗೆ ಬೂದಿ ಬಳಿದ ಹಾಗಾಗುತ್ತದೆ. ತೀರಾ ಕಪ್ಪನ್ನು ಅಲ್ಲೇ ಬಿಟ್ಟು, 20ರಿಂದ 60ರವರೆಗಿನ ಭಾಗವನ್ನು ಮಾತ್ರ ಮೇಲಕ್ಕೆ ಎಳೆಯಬೇಕು. 22 ಇದ್ದದ್ದು 60ಕ್ಕೆ, 31 ಇದ್ದದ್ದು 75ಕ್ಕೆ ಬಂದರೆ ಸಾಕು. ಪರದೆಯ ಮೇಲೆ ಆಗ ಫೋಟೋ ಪೇಲವವಾಗಿ ಕಾಣುತ್ತದೆ. ಹೆದರಬೇಡಿ. ನೋಡಬೇಕಾದ್ದು ಬಟ್ಟೆಯನ್ನು.

ಎಷ್ಟು ಎಳೆಯಬೇಕು ಅನ್ನುವ ಅಂದಾಜು ಬರಬೇಕಾದರೆ ನಿಜವಾದ ಎಂಜಿನ್ ಒಂದನ್ನು ಬಿಸಿಲಿನಲ್ಲಿ ನೋಡಿ. ನಾನಿರುವುದು ಮೈಸೂರು. ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂ 1979ರಿಂದ ಇದೆ, ಟಿಕೆಟ್ ತೆಗೆದುಕೊಂಡು ಹೋದೆ. ಕಪ್ಪು ಎಂಜಿನ್ ಅಂತ ನಾವು ಅನ್ನುವುದರಲ್ಲಿ ಎಷ್ಟು ಕಪ್ಪುಗಳಿವೆ! ಬಾಯ್ಲರ್ ಉಬ್ಬಿನ ಮೇಲೆ ಆಕಾಶದ ಬೆಳಕು ಉದ್ದಕ್ಕೆ ಗೆರೆ ಎಳೆದಿರುತ್ತದೆ. ಚಿಮಣಿ ಕೆಳಗಿನ ಹೊಗೆಪೆಟ್ಟಿಗೆ ಹೊಳಪಿಲ್ಲದ ಮಸಿ. ಗಾಲಿಗಳನ್ನು ಕೂಡಿಸುವ ಸರಳು ಉಕ್ಕಿನ ಬಣ್ಣ. ನೆಲದ ಹತ್ತಿರ ಗ್ರೀಸ್ ಮತ್ತು ಧೂಳು ಸೇರಿ ಕಂದು. ಕಪ್ಪು ಕಪ್ಪು ಅಂತ ಕಾಣುವುದು ಗಾಲಿಗಳ ಹಿಂದಿನ ಸಂದಿ ಮಾತ್ರ. ಬಟ್ಟೆಯ ಮೇಲೂ ಅದೊಂದೇ ಪೂರ್ತಿ ಕಪ್ಪಾಗಿರಲಿ, ಉಳಿದಿದ್ದೆಲ್ಲ ಅದಕ್ಕಿಂತ ತಿಳಿ.

ಕಪ್ಪು ಟೀ-ಶರ್ಟಿನ ಮೇಲೆ ಎಂಜಿನ್ ಹಾಕುವಾಗ ಇದೇ ದೋಷ ತಲೆಕೆಳಗಾಗಿ ಬರುತ್ತದೆ. ಕಪ್ಪು ಬಟ್ಟೆಗೆ ಮೊದಲು ಬಿಳಿ ಇಂಕಿನ ಹಾಸು ಬೀಳುತ್ತದೆ. ಅದರ ಮೇಲೆ ಕಪ್ಪು ಇಂಕ್ ಬಿದ್ದರೆ ಬಟ್ಟೆಯಷ್ಟು ಕಪ್ಪು ಎಂದೂ ಬರುವುದಿಲ್ಲ, ಮಾಸಿದ ಹಲಗೆಯ ಬಣ್ಣ ಬರುತ್ತದೆ. ಅಂಚಿನಲ್ಲಿ ಚೌಕ ಎದ್ದು ಕಾಣುತ್ತದೆ. ಕಪ್ಪು ಭಾಗವನ್ನು ಫೈಲಿನಿಂದಲೇ ತೆಗೆದು ಪಾರದರ್ಶಕ ಮಾಡಿ. ಬಟ್ಟೆಯೇ ಕಪ್ಪಿನ ಕೆಲಸ ಮಾಡಲಿ. ಇಂಕೂ ಉಳಿಯುತ್ತದೆ, ಎದೆಯ ಮೇಲೆ ರಟ್ಟು ಕಟ್ಟಿಕೊಂಡ ಹಾಗೆ ಬೆವರುವುದೂ ತಪ್ಪುತ್ತದೆ.

ಸಬ್ಲಿಮೇಶನ್‌ನಲ್ಲಿ ಕಪ್ಪು ಕಂದಾಗಿ ಬಂದರೆ ಮೊದಲು ಹೀಟ್ ಪ್ರೆಸ್ ನೋಡಿ. ಸಾಮಾನ್ಯವಾಗಿ 190ರಿಂದ 200 ಡಿಗ್ರಿ, 45ರಿಂದ 60 ಸೆಕೆಂಡು. ಬಿಸಿ ಅಥವಾ ಹೊತ್ತು ಹೆಚ್ಚುಕಡಿಮೆಯಾದರೆ ಕಪ್ಪಿನ ಛಾಯೆ ಬದಲಾಗುತ್ತದೆ. ಎರಡೂ ಅಲ್ಲ ಅನ್ನಿಸಿದರೆ ಆ ಇಂಕಿಗೆ ಸರಿಯಾದ ಕಲರ್ ಪ್ರೊಫೈಲ್ (ಯಾವ ಬಣ್ಣಕ್ಕೆ ಎಷ್ಟು ಇಂಕ್ ಅಂತ ಮೆಷಿನ್ನಿಗೆ ಹೇಳುವ ಫೈಲ್) ಹಾಕಿಲ್ಲ ಅಂತ ಅರ್ಥ.

ಹೊಗೆ ಹೊಗೆಯಂತಿಲ್ಲ

ಹೊಗೆಯ ಸುತ್ತ ಬಿಳಿ ಅಂಚು ಕಟ್ಟಿದೆ, ಅಥವಾ ಹೊಗೆಯಲ್ಲಿ ರವೆ ಚೆಲ್ಲಿದ ಹಾಗೆ ಚುಕ್ಕೆಗಳಿವೆ. ಇದು ಹೆಚ್ಚಾಗಿ ಡಿಟಿಎಫ್‌ನ ಕಾಯಿಲೆ. ಹಿನ್ನೆಲೆ ಕತ್ತರಿಸುವಾಗ ಹೊಗೆಯ ಅಂಚು ಅರೆ ಪಾರದರ್ಶಕ ಆಗುತ್ತದೆ. ಪರದೆಯಲ್ಲಿ ಚೆಂದ. ಆದರೆ ಫಿಲ್ಮ್‌ಗೆ ಅರೆಬರೆ ಅನ್ನುವುದು ಗೊತ್ತಿಲ್ಲ. ಬಣ್ಣ ಎಷ್ಟೇ ತೆಳುವಿರಲಿ, ಅದರ ಹಿಂದೆ ಬಿಳಿ ಬೀಳುತ್ತದೆ, ಬಿಳಿಗೆ ಅಂಟು ಪುಡಿ ಹಿಡಿಯುತ್ತದೆ. ಅಂಟು ಸಾಲದ ಕಡೆ ಒಗೆತದಲ್ಲಿ ಉದುರುತ್ತದೆ, ಸಾಕಾದ ಕಡೆ ಬಿಳಿ ಗಡಿ ಕಟ್ಟುತ್ತದೆ.

ಪರೀಕ್ಷೆ: ಫೈಲಿನ ಹಿಂದೆ ಗಾಢ ಕೆಂಪು ಲೇಯರ್ ಇಟ್ಟು ನೋಡಿ. ಹೊಗೆಯಲ್ಲಿ ಗುಲಾಬಿ ಕಂಡಲ್ಲೆಲ್ಲ ಅರೆ ಪಾರದರ್ಶಕ ಪಿಕ್ಸೆಲ್ ಇದೆ ಅಂತ. ಅದನ್ನು ಹಾಫ್‌ಟೋನ್ ಚುಕ್ಕೆಗಳಾಗಿ ಬದಲಿಸಿ. ಚುಕ್ಕೆ ಅಂದರೆ ಇದೆ ಅಥವಾ ಇಲ್ಲ, ನಡುವಿನದ್ದು ಇಲ್ಲ. ಆದರೆ ಚುಕ್ಕೆ ತೀರಾ ಚಿಕ್ಕದಾದರೆ ಅದಕ್ಕೂ ಅಂಟು ಸಾಲದು.

ನನ್ನನ್ನು ಕೇಳಿದರೆ ಹೊಗೆಯನ್ನು ಕತ್ತರಿಸಲೇಬೇಡಿ. ಫೋಟೋ ಚೌಕವಾಗೇ ಇರಲಿ, ಆಕಾಶ ಸಮೇತ. ಹಳೇ ಫೋಟೋ ಅಂದರೆ ಚೌಕವೇ. ಆಲ್ಬಮ್ಮಿನಿಂದ ತೆಗೆದು ಶರ್ಟಿಗೆ ಅಂಟಿಸಿದ ಹಾಗೆ ಕಾಣುತ್ತದೆ, ಅದೇ ಚೆಂದ. ಗಿರಾಕಿಗಳು ಮೊದಲು ಒಪ್ಪುವುದಿಲ್ಲ. ಎರಡು ಸ್ಯಾಂಪಲ್ ಪಕ್ಕಪಕ್ಕ ಇಟ್ಟರೆ ಒಪ್ಪುತ್ತಾರೆ.

ನೀಲಿ ಎಂಜಿನ್ ನೇರಳೆಯಾಗಿದೆ

ನೀಲಿ ಅಂದರೆ ನಮ್ಮ ಕಡೆ ಹೆಚ್ಚಾಗಿ ನೀಲಗಿರಿ ರೈಲು. ಮೇಟ್ಟುಪಾಳ್ಯದಿಂದ ಕೂನೂರಿಗೆ ಹಲ್ಲುಹಳಿ ಹಿಡಿದು ಬೆಟ್ಟ ಹತ್ತುವ ಎಕ್ಸ್ ಕ್ಲಾಸ್ ಎಂಜಿನ್. ಮೊದಲಿನವು ಸ್ವಿಟ್ಜರ್ಲೆಂಡಿನ ವಿಂಟರ್‌ತೂರ್‌ನಲ್ಲಿ ತಯಾರಾದವು. 2005ರಲ್ಲಿ ಈ ರೈಲು ಯುನೆಸ್ಕೊ ಪಟ್ಟಿಗೆ ಸೇರಿದೆ. ಊಟಿ ಟ್ರಿಪ್ ಮುಗಿಸಿ ಬಂದವರು, ಮದುವೆ ವಾರ್ಷಿಕೋತ್ಸವದವರು ಇದರ ಫೋಟೋ ತರುತ್ತಾರೆ. ಒಮ್ಮೆ ಇಂಗ್ಲೆಂಡಿನಲ್ಲಿರುವ ಮಗಳಿಗೆ ಅಂತ ಒಬ್ಬರು ಮಲ್ಲಾರ್ಡ್ ಎಂಜಿನ್ ಮಾಡಿಸಿದರು. 1938ರಲ್ಲಿ ಗಂಟೆಗೆ 203 ಕಿಲೋಮೀಟರ್ ಓಡಿ ಉಗಿ ಎಂಜಿನ್‌ಗಳ ದಾಖಲೆ ಮಾಡಿದ್ದು ಅದು. ಅದೂ ನೀಲಿ. ಅದೂ ನೇರಳೆ ಹಣ್ಣಾಗಿಯೇ ಹೊರಗೆ ಬಂತು.

ನೀಲಿ ಇಂಕ್ ಅಂತ ಮೆಷಿನ್ನಿನಲ್ಲಿ ಇರುವುದಿಲ್ಲ. ಸಯಾನ್ (ಹಸಿರು ಬೆರೆತ ತಿಳಿನೀಲಿ) ಮತ್ತು ಮಜೆಂಟಾ (ಕಡು ಗುಲಾಬಿ) ಸೇರಿ ನೀಲಿಯಾಗಬೇಕು. ಮಜೆಂಟಾ ಕೈ ಮೇಲಾದರೆ ನೇರಳೆ. ಮೇಲಾಗಿದ್ದು ಯಾಕೆ ಅನ್ನುವುದನ್ನು ಎಂಜಿನ್ ನೋಡಿ ಹೇಳಲಾಗದು. ಹಿಂದಿನ ಮರಗಳನ್ನು ನೋಡಿ. ಮರಗಳೂ ಹಳದಿಗೆ ತಿರುಗಿದ್ದರೆ ಸಯಾನ್ ಸರಿಯಾಗಿ ಬೀಳುತ್ತಿಲ್ಲ, ನಾಝಲ್, ಅಂದರೆ ಹೆಡ್‌ನ ಇಂಕ್ ತೂತು, ಕಟ್ಟಿದೆ. ಹಸಿರಿಗೂ ಸಯಾನ್ ಬೇಕಲ್ಲ. ಮರ ಹಸಿರಾಗೇ ಇದ್ದು ಎಂಜಿನ್ ಮಾತ್ರ ನೇರಳೆಯಾಗಿದ್ದರೆ ಮೆಷಿನ್ ಸರಿಯಿದೆ, ಫೈಲ್ ತಿದ್ದಬೇಕು. ನೀಲಿ ಭಾಗವನ್ನಷ್ಟೇ ಆಯ್ದು, ಬಣ್ಣವನ್ನು ಸ್ವಲ್ಪ ಸಯಾನ್ ಕಡೆಗೆ ಜರುಗಿಸಿ. ಮಜೆಂಟಾ ಯಾವಾಗಲೂ ಸಯಾನ್‌ಗಿಂತ ಚೆನ್ನಾಗಿ ಕೆಳಗಿರಲಿ. ನಾಲ್ಕು ಬಗೆಯ ನೀಲಿ ಚೌಕ ಪ್ರಿಂಟ್ ಮಾಡಿ ಗಿರಾಕಿಗೆ ತೋರಿಸಿ, ಅವರೇ ಆರಿಸಲಿ. ಬಟ್ಟೆಯ ಮೇಲಿನ ಚೌಕ ತೋರಿಸಿ, ಪರದೆ ತೋರಿಸಬೇಡಿ.

ಕಪ್ಪು ಬಿಳುಪು ಫೋಟೋಗೆ ಕೆಂಪು ಅಥವಾ ಹಸಿರು ಛಾಯೆ ಬಂದರೂ ಇದೇ ಜಾತಿಯ ದೋಷ. ಬೂದು ಬಣ್ಣವನ್ನು ಮೆಷಿನ್ ಎಲ್ಲ ಇಂಕುಗಳನ್ನು ಬೆರೆಸಿ ಮಾಡುತ್ತದೆ, ಒಂದು ಸೊರಗಿದರೆ ಇನ್ನೊಂದು ಎದ್ದು ಕಾಣುತ್ತದೆ. ಟ್ಯೂಬ್‌ಲೈಟ್ ಕೆಳಗೂ ಬಿಸಿಲಿನಲ್ಲೂ ನೋಡಿ. ಎರಡು ಕಡೆಯೂ ಒಂದೇ ಛಾಯೆ ಇದ್ದರೆ ನಾಝಲ್ ಅಥವಾ ಪ್ರೊಫೈಲ್. ಅಂಗಡಿಯಲ್ಲಿ ಬೂದು, ಬೀದಿಯಲ್ಲಿ ಗುಲಾಬಿ ಆದರೆ ಅದು ಇಂಕಿನ ಗುಣ. ಬೂದು ಬಣ್ಣಕ್ಕೆ ಕಪ್ಪು ಇಂಕನ್ನೇ ಹೆಚ್ಚು ಬಳಸುವ ಸೆಟ್ಟಿಂಗ್ ಹಾಕಿ. ಅದೂ ಆಗದಿದ್ದರೆ ಸೆಪಿಯಾ ಮಾಡಿ ಕೊಡುವವರಿದ್ದಾರೆ. ದೋಷ ಮುಚ್ಚುತ್ತದೆ, ಸುಳ್ಳಲ್ಲ. ಆದರೆ ಎಲ್ಲ ಉಗಿಬಂಡಿಗಳಿಗೂ ಕಾಫಿ ಚೆಲ್ಲಿದರೆ ನೋಡುವುದು ಹೇಗೆ?

ಗೆರೆಗಳು ಬಿದ್ದಿವೆ

ಬಾಯ್ಲರ್ ಉದ್ದಕ್ಕೂ ಸಣ್ಣ ಬಿಳಿ ಗೆರೆ. ನಾಝಲ್ ಕಟ್ಟಿದಾಗ ಹೆಡ್ ಓಡುವ ದಿಕ್ಕಿನಲ್ಲೇ ಗೆರೆ ಬೀಳುತ್ತದೆ, ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುತ್ತದೆ. ಬೇಸಿಗೆಯ ಒಣ ಹವೆಯಲ್ಲಿ ಇದು ಜಾಸ್ತಿ. ಬಿಳಿ ಇಂಕಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ, ತೂಕದ ಪುಡಿ, ಅಲುಗಿಸದಿದ್ದರೆ ತಳ ಸೇರುತ್ತದೆ. ದಿನಾ ಬೆಳಗ್ಗೆ ಬಾಟಲಿ ಅಲುಗಿಸಿ, ನಾಝಲ್ ಚೆಕ್ ತೆಗೆದು ಆಮೇಲೆ ಕೆಲಸ ಶುರು ಮಾಡಿ. ಒಂದೇ ಒಂದು ಕಡೆ ಮಾತ್ರ ಗೆರೆ ಇದ್ದರೆ ಬಟ್ಟೆಯ ಜುಂಗು ಎದ್ದು ಹೆಡ್‌ಗೆ ತಾಗಿರಬಹುದು.

ಇನ್ನೂ ಒಂದು ಪರೀಕ್ಷೆ ಮಾಡಿ. ಫೋಟೋವನ್ನು ಅಡ್ಡಕ್ಕೆ ತಿರುಗಿಸಿ ತುಂಡು ಬಟ್ಟೆಯ ಮೇಲೆ ಪ್ರಿಂಟ್ ಮಾಡಿ. ಗೆರೆ ಹೆಡ್ ಓಡುವ ದಿಕ್ಕಿನಲ್ಲೇ ಉಳಿದರೆ ಮೆಷಿನ್‌ದು. ಫೋಟೋದ ಜೊತೆ ಗೆರೆಯೂ ತಿರುಗಿದರೆ ಅದು ಫೋಟೋದಲ್ಲೇ ಇದೆ. ಒಂದು ಸಲ ನಾನು ಮೂರು ಬಾರಿ ಹೆಡ್ ಕ್ಲೀನ್ ಮಾಡಿದರೂ ಹೋಗದ ಗೆರೆ, ಬಾಯ್ಲರ್ ಪಕ್ಕದಲ್ಲಿ ಹಿಡಿದುಕೊಂಡು ನಡೆಯಲು ಹಾಕಿರುವ ಕಂಬಿಯಾಗಿತ್ತು.

ಫೋಟೋ ಒಡೆದು ಚೌಕ ಚೌಕ ಕಂಡರೆ ಎಲ್ಲಿಂದ ಬಂತು ಅಂತ ಕೇಳಿ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೋ ಕುಗ್ಗುತ್ತದೆ. 11 ಇಂಚು ಅಗಲದ ಪ್ರಿಂಟಿಗೆ ಇಂಚಿಗೆ 300ರಂತೆ 3300 ಪಿಕ್ಸೆಲ್ ಬೇಕು. ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ. ಮನೆಯ ಹಳೇ ಫೋಟೋ ಆದರೆ ಅದನ್ನೇ ತರಿಸಿ 600 ಡಿಪಿಐಗೆ ಸ್ಕ್ಯಾನ್ ಮಾಡಿ. ಪತ್ರಿಕೆಯಿಂದ ಕತ್ತರಿಸಿದ್ದು ಬೇಡ. ಅದರ ಚುಕ್ಕೆಗೂ ನಿಮ್ಮ ಚುಕ್ಕೆಗೂ ಜಗಳವಾಗಿ ಅಲೆ ಅಲೆ ಬರುತ್ತದೆ, ಮೇಲಾಗಿ ಆ ಫೋಟೋ ತೆಗೆದವರ ಒಪ್ಪಿಗೆಯ ಪ್ರಶ್ನೆಯೂ ಇದೆ.

ಹಾಸಿಟ್ಟಾಗ ಚೆನ್ನಾಗಿದೆ, ಹಾಕಿಕೊಂಡರೆ ಸೊಟ್ಟ

ಗಂಡಸರ ಟೀ-ಶರ್ಟ್ ಹೆಚ್ಚುಕಡಿಮೆ ಎರಡು ಚಪ್ಪಟೆ ಹಲಗೆ. ಹೆಂಗಸರದ್ದು ಹಾಗಲ್ಲ. ಇಲ್ಲಿ ಟೇಪ್ ಹಿಡಿದು ಒಂದು ಗಾಲಿ ಅಳೆಯಿರಿ, ದೊಡ್ಡದನ್ನು. ಮೇಜಿನ ಮೇಲೆ ಹಾಸಿ ಅದರ ಎತ್ತರ, ಅಗಲ ಎರಡೂ ಬರೆದುಕೊಳ್ಳಿ. ಆದರೆ ನೇರ ಪಕ್ಕದಿಂದ ತೆಗೆದ ಫೋಟೋ ಆಗಿರಬೇಕು. ಓರೆಯಾಗಿ ತೆಗೆದದ್ದರಲ್ಲಿ ಗಾಲಿ ಮೊದಲೇ ಮೊಟ್ಟೆ.

ಹಾಸಿದಾಗಲೇ ಗಾಲಿ ನಿಂತ ಮೊಟ್ಟೆಯಂತಿದ್ದರೆ, ಪ್ರಿಂಟ್ ಮಾಡುವಾಗ ಹಲಗೆಯ ಮೇಲೆ ಬಟ್ಟೆಯನ್ನು ಅಗಲಕ್ಕೆ ಎಳೆದು ಕೂರಿಸಿದ್ದೀರಿ. ತೆಗೆದ ಮೇಲೆ ಬಟ್ಟೆ ಕುಗ್ಗಿತು, ಜೊತೆಗೆ ಗಾಲಿಯೂ ಕುಗ್ಗಿತು. 5 ಪರ್ಸೆಂಟ್ ಲೈಕ್ರಾ ಇದ್ದರೂ ಸಾಕು, ಹೀಗಾಗುತ್ತದೆ. ಅಂಗೈಯಿಂದ ಸವರಿ ಕೂರಿಸಿ, ಎಳೆಯಬೇಡಿ. ಹಾಸಿದಾಗ ಮಲಗಿದ ಮೊಟ್ಟೆಯಾದರೆ ಉದ್ದಕ್ಕೆ ಎಳೆದಿದ್ದೀರಿ, ಇಲ್ಲವೇ ಫೈಲನ್ನೇ ಜಾಗಕ್ಕೆ ಹೊಂದಿಸಲು ಅಗಲ ಮಾಡಿದ್ದೀರಿ. ಹಾಸಿದಾಗ ಸರಿಯಾಗಿ ಗುಂಡಗಿದ್ದು, ಹಾಕಿಕೊಂಡಾಗ ಮಾತ್ರ ಮಲಗಿದ ಮೊಟ್ಟೆಯಾದರೆ ಶರ್ಟ್ ಬಿಗಿ. ಅದು ಪ್ರಿಂಟಿನ ತಪ್ಪಲ್ಲ, ಸೈಜಿನದ್ದು. ಇದನ್ನು ಗಿರಾಕಿಗೆ ಹೇಳುವಾಗ ಬಾಯಿ ಜೋಪಾನ. "ಈ ಬಟ್ಟೆ ಒಂದು ಸೈಜ್ ದೊಡ್ಡದಿದ್ರೇ ಕೂರೋದು ಮೇಡಂ" ಅಂತ ಬಟ್ಟೆಯ ಮೇಲೇ ಹಾಕಿಬಿಡಿ.

ಇನ್ನೊಂದು ದೂರು: "ಬಾಯ್ಲರ್ ಮಾತ್ರ ಕಾಣುತ್ತೆ, ಗಾಲಿನೇ ಇಲ್ಲ". ಉದ್ದ ಎಂಜಿನ್ ಎದೆಯ ಉಬ್ಬಿನ ಮೇಲೆ ಕೂತು, ಗಾಲಿಗಳು ಅದರ ಕೆಳಗಿನ ಮಡಿಕೆಗೆ ಬಿದ್ದಿವೆ. ಕತ್ತಿನಿಂದ ಮೂರು ಇಂಚು ಅನ್ನುವ ಲೆಕ್ಕ ಗಂಡಸರ ಗುಂಡು ಕತ್ತಿನದು. ಇಳಿಗತ್ತಿಗೆ ಅದೇ ಲೆಕ್ಕ ಹಾಕಿದರೆ ಎಂಜಿನ್ ಹೊಟ್ಟೆಗೆ ಇಳಿಯುತ್ತದೆ. ಭುಜದ ಹೊಲಿಗೆಯಿಂದ ಅಳೆಯಿರಿ. ಸೈಜಿಗೆ ತಕ್ಕ ಹಾಗೆ ಚಿತ್ರದ ಅಗಲವೂ ಬದಲಾಗಲಿ. ನಾನು ಸ್ಮಾಲ್‌ಗೆ 9 ಇಂಚು, ಎಕ್ಸ್‌ಎಲ್‌ಗೆ 11 ಇಂಚು ಇಡುತ್ತೇನೆ. ಎಲ್ಲದಕ್ಕೂ ಒಂದೇ ಅಳತೆ ಇಟ್ಟರೆ ಸ್ಮಾಲ್‌ನಲ್ಲಿ ಟೆಂಡರ್ (ಎಂಜಿನ್ ಹಿಂದಿನ ಕಲ್ಲಿದ್ದಲು, ನೀರಿನ ಬಂಡಿ) ಕಂಕುಳೊಳಗೆ ಹೋಗುತ್ತದೆ.

ಗುಂಡಿ ಶರ್ಟ್ ಇನ್ನೂ ಕಷ್ಟ. ಎಂಜಿನ್‌ನ ಮುಂಭಾಗ, ಆ ದುಂಡು ಮುಖ, ನಡುವೆ ನಂಬರ್ ಪ್ಲೇಟ್, ಸರಿಯಾಗಿ ಗುಂಡಿ ಪಟ್ಟಿಯ ಮೇಲೇ ಬರಬೇಕು ಅಂತಾರೆ. ಹೆಂಗಸರ ಶರ್ಟಿನಲ್ಲಿ ಬಲಗಡೆಯ ಪಟ್ಟಿ ಎಡಗಡೆಯದರ ಮೇಲೆ ಕೂರುತ್ತದೆ. ಗುಂಡಿ ಹಾಕಿ ಪ್ರಿಂಟ್ ಮಾಡಿದರೆ ಪಟ್ಟಿ ಅಲುಗಿದಾಗ ನಡುವೆ ಖಾಲಿ ಗೆರೆ ಕಾಣುತ್ತದೆ. ಗುಂಡಿ ಬಿಚ್ಚಿ ಎರಡು ಭಾಗ ಬೇರೆ ಬೇರೆ ಮಾಡಿದರೆ, ಗುಂಡಿ ಹಾಕಿದಾಗ ಪಟ್ಟಿಯಷ್ಟು ಅಗಲ ನುಂಗಿಹೋಗಿ ಮುಖ ಸಪೂರವಾಗುತ್ತದೆ. ಕೆಳಗೆ ಅಡಗುವ ಎಡ ಪಟ್ಟಿಗೆ ಚಿತ್ರದ ಅಷ್ಟೇ ಅಗಲವನ್ನು ಮತ್ತೊಮ್ಮೆ ಸೇರಿಸಿ ಮುದ್ರಿಸಬೇಕು. ಡಿಟಿಎಫ್ ಆದರೆ ಗುಂಡಿ, ದಪ್ಪ ಹೊಲಿಗೆ ಇರುವ ಕಡೆ ಪ್ರೆಸ್ ಎತ್ತಿಕೊಂಡು ಪಕ್ಕದಲ್ಲಿ ಒತ್ತಡವೇ ಸಿಗುವುದಿಲ್ಲ. ಒಳಗೆ ಪ್ಯಾಡ್ ಇಟ್ಟು ಗುಂಡಿ ಮುಳುಗುವ ಹಾಗೆ ಮಾಡಿ.

ಇಷ್ಟೆಲ್ಲ ಯಾಕೆ, ಉದ್ದನೆಯ ಎಂಜಿನ್ ಬೆನ್ನಿಗೆ ಹಾಕಿ ಅಂತ ನಾನು ಹೇಳುತ್ತೇನೆ. ಬೆನ್ನು ಒಂದೇ ತುಂಡು. ಡಾರ್ಟ್ ಇಲ್ಲ, ಪಟ್ಟಿ ಇಲ್ಲ. ಜಡೆ ಹಾಕುವವರಿಗೆ ಮಾತ್ರ ಚಿಮಣಿ ಮುಚ್ಚುತ್ತದೆ, ಎರಡು ಇಂಚು ಕೆಳಗಿಳಿಸಿ.

ಒಗೆದ ಮೇಲೆ ಬಂದ ದೋಷ

"ಹೇಗೆ ಒಗೆದ್ರಿ?" ಅಂತ ಬಾಯಿಬಿಟ್ಟ ಕೂಡಲೇ ಕೇಳಬೇಡಿ, ತಪ್ಪು ಅವರದ್ದು ಅಂದ ಹಾಗೆ ಕೇಳುತ್ತದೆ. ಮೊದಲು ಶರ್ಟ್ ನೋಡಿ.

ಡಿಟಿಜಿ ಪೂರ್ತಿ ಮಸುಕಾಗಿದ್ದರೆ ಕ್ಯೂರಿಂಗ್ ಸಾಲದು. ಕಪ್ಪು ಬಟ್ಟೆಯಲ್ಲಿ ಬಿಳಿ ಹಾಸು ಮಾತ್ರ ಪುಡಿಯಾಗಿ ಎದ್ದರೆ ಪ್ರಿಂಟಿಗೆ ಮೊದಲು ಬಟ್ಟೆಗೆ ಹಾಕುವ ಪ್ರಿಟ್ರೀಟ್‌ಮೆಂಟ್ ದ್ರವ ಕಡಿಮೆ ಬಿದ್ದಿದೆ, ಆ ದ್ರವವೇ ಬಿಳಿ ಇಂಕನ್ನು ಬಟ್ಟೆಯ ಮೇಲೆ ಹೆಪ್ಪುಗಟ್ಟಿಸಿ ಹಿಡಿಯುವುದು. ಡಿಟಿಎಫ್ ಒಂದೇ ಮೂಲೆಯಲ್ಲಿ ಎದ್ದರೆ ಪ್ರೆಸ್‌ನ ಆ ಮೂಲೆ ತಣ್ಣಗಿದೆ. ಮೀಟರ್ 155 ಅಂತ ತೋರಿಸುತ್ತದೆ, ಮೂಲೆಯಲ್ಲಿ ಇನ್ಫ್ರಾರೆಡ್ ಗನ್ ಹಿಡಿದರೆ 135. ಎದೆಯ ಭಾಗದಲ್ಲಿ ಮಾತ್ರ ಬಿರುಕು ಬಿಟ್ಟರೆ ಅಲ್ಲಿ ಬಟ್ಟೆ ಹಿಗ್ಗಿದಷ್ಟು ಪೊರೆ ಹಿಗ್ಗಲಿಲ್ಲ. ಚಿತ್ರದಲ್ಲಿ ಅಲ್ಲಲ್ಲಿ ಬಟ್ಟೆ ಕಾಣುವ ಹಾಗೆ ಸಣ್ಣ ಸಂದಿ ಬಿಟ್ಟರೆ ಬಿರುಕು ಕಡಿಮೆಯಾಗುತ್ತದೆ.

ಮರೂನ್ ಅಥವಾ ಕೆಂಪು ಪಾಲಿಯೆಸ್ಟರ್ ಶರ್ಟಿನಲ್ಲಿ ಬಿಳಿ ಹೊಗೆ ಎರಡು ದಿನದಲ್ಲಿ ಗುಲಾಬಿಯಾದರೆ ಒಗೆತಕ್ಕೂ ಅದಕ್ಕೂ ಸಂಬಂಧ ಇಲ್ಲ. ಪ್ರೆಸ್ಸಿನ ಬಿಸಿಗೆ ಬಟ್ಟೆಯ ಬಣ್ಣವೇ ಮೇಲೆದ್ದು ಬಿಳಿಯೊಳಗೆ ನುಗ್ಗಿದೆ. ಕಡಿಮೆ ಬಿಸಿಗೆ ಅಂಟುವ ಪುಡಿ, ಬಣ್ಣ ತಡೆಯುವ ಫಿಲ್ಮ್ ಎರಡೂ ಸಿಗುತ್ತವೆ. ನನಗಂತೂ ಆ ಬಟ್ಟೆಗೆ ಹೊಗೆ ಫೋಟೋನೇ ಬೇಡ ಅನ್ನಿಸುತ್ತದೆ. ಬಿಳಿ ಶರ್ಟಿನ ಮೇಲೆ ಹಳದಿ ಚೌಕ ಬಂದರೆ ಪ್ರೆಸ್ ಜಾಸ್ತಿ ಹೊತ್ತು ಕೂತಿದೆ, ಅಷ್ಟೇ.

ಕನ್ನಡಿ ಬಿಂಬ

ಸಬ್ಲಿಮೇಶನ್ ಕಾಗದ, ಡಿಟಿಎಫ್ ಫಿಲ್ಮ್ ಎರಡಕ್ಕೂ ಚಿತ್ರ ತಿರುವುಮುರುವಾಗಿ ಪ್ರಿಂಟ್ ಆಗಬೇಕು, ಒತ್ತಿದಾಗ ಸರಿಯಾಗುತ್ತದೆ. ಡಿಟಿಜಿಗೆ ಅದು ಬೇಡ. ಒಂದೇ ಕಂಪ್ಯೂಟರಿನಿಂದ ಫಿಲ್ಮ್, ಡಿಟಿಜಿ ಎರಡನ್ನೂ ಓಡಿಸುವವರಿಗೆ ಮಿರರ್ ಗುರುತು ಹಾಗೇ ಉಳಿದುಬಿಡುವುದು ಮಾಮೂಲು. ಮುಖದ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಎಂಜಿನ್‌ನಲ್ಲಿ ನಂಬರ್ ಓದಿದರೆ ಗೊತ್ತಾಗುತ್ತದೆ. ನಂಬರೇ ಕಾಣದ ಫೋಟೋ ಆದರೆ?

ಆ ಫೈರ್‌ಮನ್ ಮಗಳ ಶರ್ಟನ್ನು ಕರ್ವ್ಸ್ ತಿದ್ದಿ ಮತ್ತೆ ಮಾಡಿಕೊಟ್ಟೆ. ಗಾಲಿಯ ಕಡ್ಡಿ ಎಣಿಸುವ ಹಾಗೆ ಬಂತು. ಅವರು ಖುಷಿಯಿಂದ ತೆಗೆದುಕೊಂಡು ಹೋದರು. ಹಬ್ಬ ಮುಗಿದ ಮಾರನೇ ದಿನ ಫೋನ್ ಮಾಡಿದರು.

"ಅಕ್ಕಾ, ಅಪ್ಪ ನೋಡಿದ್ರು. ಎಂಜಿನ್ ಚೆನ್ನಾಗಿದೆ ಅಂದ್ರು. ಆದ್ರೆ ಆ ಸ್ಟೇಷನ್‌ನಲ್ಲಿ ನೀರಿನ ಕಂಬ ಈ ಕಡೆ ಇರಲಿಲ್ಲ, ಆ ಕಡೆ ಇತ್ತು ಅಂತಿದಾರೆ. ಹೌದಾ?"

ಫೈಲ್ ತೆರೆದೆ. ಕ್ಯಾಬಿನ್ ಮೇಲಿನ ನಂಬರನ್ನು ಉಗಿ ಮುಚ್ಚಿತ್ತು, ಎಲ್ಲೂ ಒಂದು ಅಕ್ಷರ ಕಾಣುತ್ತಿರಲಿಲ್ಲ. ಹಿಂದಿನ ದಿನದ ಫಿಲ್ಮ್ ಕೆಲಸದ ಮಿರರ್ ಗುರುತು ಹಾಗೇ ಇತ್ತು. ಮೂರನೇ ಶರ್ಟ್ ನನ್ನ ಖರ್ಚಿನಲ್ಲಿ ಹೋಯಿತು. ಈಗ ಪ್ರತಿ ಫೈಲಿನ ಮೂಲೆಯಲ್ಲಿ ದೊಡ್ಡದಾಗಿ ಒಂದು 'ಕ' ಬರೆದು, ಪ್ರಿವ್ಯೂನಲ್ಲಿ ಅದನ್ನು ಓದಿ, ಅಳಿಸಿ, ಆಮೇಲೆ ಬಟನ್ ಒತ್ತುತ್ತೇನೆ. ಫಿಲ್ಮ್ ಆದರೆ 'ಕ' ಅಂಚಿನಲ್ಲೇ ಪ್ರಿಂಟ್ ಆಗಲಿ, ಒತ್ತುವ ಮೊದಲು ಕತ್ತರಿಸಿ ಹಾಕಬಹುದು.